ಅಕ್ಕನ ಕೂದಲಿನ ಗೂಡು

ನಮ್ಮ ಕೊಟ್ಟಿಗೆಯ ಪಡುವಣ ಗೋಡೆಯಲ್ಲಿ ಒಂದು ತೂತಿತ್ತು. ಹಿಂದೆ ಯಾವಾಗಲೋ ಅಲ್ಲಿ ನೊಗ ನೇತುಹಾಕಲು ಗೂಟ ಹೊಡೆದಿದ್ದರಂತೆ. ಗೂಟಕ್ಕೆ ಗೆದ್ದಲು ಹಿಡಿದು ಬಿದ್ದುಹೋಯಿತು, ತೂತು ಉಳಿಯಿತು. ನನ್ನ ಕೈ ಅದರೊಳಗೆ ಮೊಣಕೈವರೆಗೆ ಹೋಗುತ್ತಿತ್ತು. ಅಪ್ಪನ ಕೈ ಮಣಿಕಟ್ಟಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ದೀಪಾವಳಿಗೆ ಗೋಡೆಗಳಿಗೆ ಮಣ್ಣು ಮೆತ್ತುವಾಗ ಅದನ್ನು ಮುಚ್ಚಬೇಕೆಂದು ಅಪ್ಪ ಹೇಳುತ್ತಿದ್ದ. ಅಲ್ಲಿಗೆ ಬರುವಷ್ಟರಲ್ಲಿ ಕಲಸಿದ ಮಣ್ಣು ಮುಗಿದಿರುತ್ತಿತ್ತು. ನಮ್ಮ ಮನೆಯಲ್ಲಿ ಬಹಳಷ್ಟು ಕೆಲಸಗಳು ಹಾಗೆಯೇ ಉಳಿಯುತ್ತಿದ್ದವು.

ಊರು ಸೊರಬ ತಾಲ್ಲೂಕಿನದು. ಕ್ಯಾಸನೂರಿನ ಕಾಡು ನಮ್ಮ ಗದ್ದೆಯ ಬದುವಿನ ಆಚೆಗೇ ಶುರುವಾಗುತ್ತಿತ್ತು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಅಕ್ಕ, ನಾನು. ನನಗೆ ಆಗ ಹದಿಮೂರು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳಿಗೆ ಶಿಕಾರಿಪುರದ ಕಡೆಯ, ಕುರಿ ಸಾಕುವ ಒಂದು ಮನೆಗೆ ಮಾತಾಗಿತ್ತು. ವೈಶಾಖದಲ್ಲಿ ಮದುವೆ ಎಂದು ಎರಡೂ ಕಡೆಯವರು ಒಪ್ಪಿದ್ದರು.

ಅಕ್ಕನ ಕೂದಲು ಮಂಡಿ ಮುಟ್ಟುತ್ತಿತ್ತು. ಅದರ ಆರೈಕೆ ಅಜ್ಜಿಯದು. ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಸೀಗೆಪುಡಿಯಲ್ಲಿ ತೊಳೆದು, ಹಿತ್ತಿಲ ಬಿಸಿಲಿಗೆ ಕೂರಿಸಿ ಬಾಚುತ್ತಿದ್ದಳು. ಬಾಚಣಿಗೆಗೆ ಬಂದ ಕೂದಲನ್ನು ನಮ್ಮ ಕಡೆ ಯಾರೂ ಬಿಸಾಡುವುದಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ತುರುಕುವುದು. ಸೂಜಿ ದಬ್ಬಣ ಮಾರುವ ಹೆಂಗಸು ಬಂದಾಗ ಆ ಉಂಡೆಗಳನ್ನು ತೆಗೆದು ಕೊಟ್ಟರೆ ಅವಳು ಬದಲಿಗೆ ಸೂಜಿ ಕೊಡುತ್ತಿದ್ದಳು. ಕೂದಲನ್ನು ಚೌರಿ ಕಟ್ಟುವವರಿಗೆ ಒಯ್ಯುತ್ತಿದ್ದಳಂತೆ. ನಮ್ಮ ಮನೆಯ ಸೂಜಿಗಳೆಲ್ಲ ಅಕ್ಕನ ತಲೆಯಿಂದ ಬಂದವು ಎಂದು ಅವ್ವ ನಗುತ್ತಿದ್ದಳು.

ಆ ಬೇಸಿಗೆಯ ಆರಂಭದಲ್ಲಿ ಕೊಟ್ಟಿಗೆಯ ತೂತಿಗೆ ಮಡಿವಾಳ ಹಕ್ಕಿಯ ಜೋಡಿ ಬಂತು. ಗಂಡಿಗೆ ಕಪ್ಪು ಬಿಳುಪು ಬಣ್ಣ, ಹೆಣ್ಣಿಗೆ ಅದೇ ಬಣ್ಣ ಬೂದಿ ಮೆತ್ತಿದ ಹಾಗೆ. ಬಾಲ ಎತ್ತಿ ಎತ್ತಿ ಕುಣಿಸುವುದು ಎರಡಕ್ಕೂ ಅಭ್ಯಾಸ. ಗಂಡು ಬಾವಿಯ ಕಂಬದ ತುದಿಯಲ್ಲಿ ಕೂತು ಬೆಳಗಿನ ಹೊತ್ತು ಹಾಡುತ್ತಿತ್ತು. ಕೆಲಸವೆಲ್ಲ ಹೆಣ್ಣಿನದೇ ಎಂದು ನನಗೆ ಎರಡೇ ದಿನದಲ್ಲಿ ಗೊತ್ತಾಯಿತು. ಒಣಹುಲ್ಲು, ನಾರು, ಸಣ್ಣ ಬೇರು, ಹೀಗೆ ಒಂದೊಂದಾಗಿ ತರುತ್ತಿತ್ತು. ನಾನು ದನಗಳಿಗೆ ಕಲಗಚ್ಚು ಹಾಕುವ ಬಾನಿಯ ಅಂಚಿನಲ್ಲಿ ಕೂತು ನೋಡುತ್ತಿದ್ದೆ. ಅಲ್ಲಿಂದ ತೂತಿಗೆ ನಾಲ್ಕು ಮಾರು ದೂರ. ಅಲುಗಾಡದೆ ಕೂತರೆ ಹಕ್ಕಿ ನನ್ನನ್ನು ಬಾನಿಯ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು.

ಒಂದು ದಿನ ಹೆಣ್ಣು ಹಿತ್ತಿಲ ಗೋಡೆಯ ಸಂದಿಗೆ ಕೊಕ್ಕು ಹಾಕಿ ಅಕ್ಕನ ಕೂದಲಿನ ಉಂಡೆಯನ್ನು ಎಳೆದುಕೊಂಡು ಬಂತು. ಉಂಡೆ ಬಿಚ್ಚಿ, ಕೂದಲು ಅದರ ಹಿಂದೆ ಗಾಳಿಯಲ್ಲಿ ಉದ್ದಕ್ಕೆ ತೇಲಿ ಬರುತ್ತಿತ್ತು. ಹಾಗೆ ಮೂರು ಸಲ ಒಯ್ದಿತು. ನಾನು ಓಡಿಹೋಗಿ ಅಕ್ಕನನ್ನು ಕರೆತಂದೆ. ಅವಳು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಜ್ಜಿಗೆ ಹೇಳ್ಬ್ಯಾಡ ಮತ್ತೆ. ಗೂಡು ಕೀಳ್ಸಿ ಬಿಡ್ತಾಳೆ," ಎಂದಳು.

ಹಕ್ಕಿ ಯಾರ ಕೂದಲನ್ನು ಗೂಡಿಗೆ ಒಯ್ಯುತ್ತದೋ ಅವರಿಗೆ ತಲೆಶೂಲೆ ಬರುತ್ತದೆ ಎಂದು ಅಜ್ಜಿ ನಂಬಿದ್ದಳು. ಹಕ್ಕಿ ಗೂಡೊಳಗೆ ಸುತ್ತಿ ಸುತ್ತಿ ಕೂರುವಾಗ ಕೂದಲಿನವರ ತಲೆಯೂ ಸುತ್ತುತ್ತದಂತೆ. ಗೂಡು ಕಿತ್ತು ಆ ಕೂದಲನ್ನು ಬೆಂಕಿಗೆ ಹಾಕಿದರೆ ಮಾತ್ರ ಬಿಡುತ್ತದೆ. ಅದಕ್ಕೇ ಉಂಡೆಯನ್ನು ಸಂದಿಯ ಆಳಕ್ಕೆ ತುರುಕಬೇಕೆಂದು ಹೇಳುತ್ತಿದ್ದಳು. ಆಳಕ್ಕೆ ತುರುಕದೆ ಬಂದವಳು ನಾನೇ ಇರಬೇಕು. ಅಂಥ ಚಿಲ್ಲರೆ ಕೆಲಸಗಳೆಲ್ಲ ನನ್ನವಾಗಿದ್ದವು.

ಹೆಣ್ಣುಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತು. ಅದು ಮೇವಿಗೆ ಹೊರಗೆ ಹೋದಾಗ ನಾನು ಕೈ ಹಾಕಿ ಬೆರಳಿನಲ್ಲಿ ಎಣಿಸಿದೆ. ಒಂದನ್ನು ತೆಗೆದು ಬೆಳಕಿಗೆ ಹಿಡಿದೆ. ತಿಳಿ ಹಸಿರು, ಮೇಲೆ ಕಂದು ಚುಕ್ಕೆ. ಮತ್ತೆ ಒಳಗಿಟ್ಟೆ. ಎರಡು ವಾರ ಹೆಣ್ಣು ಕಾವು ಕೂತಿತು. ಆ ಎರಡು ವಾರ ನಾನು ಮಾಡಿದ ಕೆಲಸದಲ್ಲಿ ಒಂದೂ ನೆಟ್ಟಗಿರಲಿಲ್ಲ. ಸಗಣಿ ಅರ್ಧಕ್ಕೆ ಬಿಟ್ಟು, ನೀರಿನ ಕೊಡ ಬಾವಿಯ ಕಟ್ಟೆಯ ಮೇಲೆ ಮರೆತು ಬಂದು ಬಾನಿಯ ಅಂಚಿನಲ್ಲಿ ಕೂರುತ್ತಿದ್ದೆ. ಅಕ್ಕ ನನ್ನನ್ನು ಹಕ್ಕಿಯ ಸೂಲಗಿತ್ತಿ ಎಂದು ಕರೆಯತೊಡಗಿದಳು.

ಆ ದಿನಗಳಲ್ಲಿ ನಮ್ಮಿಬ್ಬರ ದೊಡ್ಡ ಕೆಲಸವೆಂದರೆ ದರಕು ತರುವುದು. ಬೇಸಿಗೆಯಲ್ಲಿ ಕಾಡಿನ ಮರಗಳು ಉದುರಿಸಿದ ಒಣ ಎಲೆಯೇ ದರಕು. ಅದನ್ನು ಗುಡಿಸಿ, ದೊಡ್ಡ ಬುಟ್ಟಿಯಲ್ಲಿ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುವುದು. ಸಗಣಿ ಗಂಜಲ ಸೇರಿ ಅದು ಗೊಬ್ಬರವಾಗುತ್ತದೆ. ಒಂದು ದಿನ ಅಕ್ಕನ ಸರದಿ, ಮರುದಿನ ನನ್ನದು. ಪಕ್ಕದ ಮನೆಗಳ ಹೆಂಗಸರ ಜೊತೆ ಬೆಳಿಗ್ಗೆ ಹೋಗಿ ಬಿಸಿಲೇರುವ ಮುಂಚೆ ಬಂದುಬಿಡುತ್ತಿದ್ದೆವು.

ಆ ವರ್ಷ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ದರಕಿಗೆ ಹೋದವರು, ಸೌದೆಗೆ ಹೋದವರು ಬಂದು ಹೇಳುತ್ತಿದ್ದರು. ನಮ್ಮ ಗದ್ದೆಯ ಬದುವಿನಲ್ಲೇ ಕರಿ ಮೋರೆಯ ಒಂದು ಮುಸಿಯ ಸತ್ತು ಬಿದ್ದಿತ್ತು. ಅಪ್ಪ ಮತ್ತು ಊರಿನ ಇಬ್ಬರು ಗುಂಡಿ ತೋಡಿ, ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು ಹೂತರು. ದೇವರ ಪ್ರಾಣಿ, ಹಾಗೆ ಬಿಡಬಾರದು ಎಂದರು. ಅದು ಯಾಕೆ ಸತ್ತಿತು ಎಂದು ಯಾರೂ ಕೇಳಲಿಲ್ಲ. ಊರಲ್ಲೂ ಕೆಲವರಿಗೆ ಜ್ವರ ಬಂದಿತ್ತು. ಬೇಸಿಗೆ ಎಂದ ಮೇಲೆ ಜ್ವರ ಬರುತ್ತದೆ ಎಂದುಕೊಂಡೆವು.

ಮೊಟ್ಟೆ ಒಡೆಯುವ ದಿನ ನನ್ನ ಸರದಿ. ಬೆಳಿಗ್ಗೆ ಕೈ ಹಾಕಿದಾಗ ಒಂದು ಮೊಟ್ಟೆಗೆ ಬಿರುಕು ಬಿಟ್ಟಿದ್ದು ಬೆರಳಿಗೆ ತಾಗಿತು. ಬುಟ್ಟಿ ಹಿಡಿದುಕೊಂಡು ಬಾನಿಯ ಹತ್ತಿರವೇ ನಿಂತುಬಿಟ್ಟೆ. ಹೊರಗಿನಿಂದ ಹೆಂಗಸರು ಕೂಗಿದರು. ಅಕ್ಕ ಬಂದು ನನ್ನ ಮುಖ ನೋಡಿದಳು. ಬುಟ್ಟಿ ಕಿತ್ತುಕೊಂಡಳು.

"ನೀನಿಲ್ಲೇ ಇರು. ಮರಿ ಹಾರೋ ತಂಕ ನಿನ್ನ ಸರದಿನೂ ನಂದೇ. ಬದಲಿಗೆ ನನ್ನ ಪಾಲಿನ ಮುಸುರೆ ತಿಕ್ಕು."

"ದಿನಾ ಹೋಗ್ತೀಯಾ?"

"ವೈಶಾಖ ಆದ್ಮೇಲೆ ಯಾರು ಹೋಗ್ತಾರೆ? ಕುರಿ ಕಡೆಯೋರಿಗೆ ದರಕು ಬೇಡ್ವಂತೆ," ಎಂದು ಹೊರಟಳು.

ಅವತ್ತು ಅವಳು ತಂದ ಬುಟ್ಟಿ ದೊಡ್ಡದಿತ್ತು. ಸತ್ತ ಮಂಗ ಬಿದ್ದಿದ್ದ ಕಡೆಗೆ ಯಾರೂ ಹೋಗುವುದಿಲ್ಲವಾದ್ದರಿಂದ ಅಲ್ಲಿ ದರಕು ದಪ್ಪಗೆ ಬಿದ್ದಿದೆ, ಗುಡಿಸಿದಷ್ಟೂ ಇದೆ ಎಂದಳು. ಸಂಜೆ ಕುತ್ತಿಗೆಯ ಹಿಂದೆ ಕೆರೆದುಕೊಳ್ಳುತ್ತಾ ಬಂದು ನನ್ನ ಮುಂದೆ ಬಗ್ಗಿ ಕೂತಳು. ಕಿವಿಯ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು, ದನಗಳ ಕಿವಿಯಲ್ಲಿ ಇರುವಂಥದ್ದೇ, ಆದರೆ ಎಳ್ಳಿಗಿಂತ ಸಣ್ಣದು. ಉಗುರಿನಲ್ಲಿ ಕಿತ್ತು ಒಲೆಗೆ ಹಾಕಿದೆ. ಅದು ಚಟ್ ಎಂದಿತು. ಇಬ್ಬರೂ ನಕ್ಕೆವು. ದರಕಿಗೆ ಹೋಗಿ ಬಂದವರ ಮೈಯಿಂದ ಉಣುಗು ತೆಗೆಯುವುದು ಕಾಲಿನ ಮುಳ್ಳು ತೆಗೆದಷ್ಟೇ ಮಾಮೂಲು.

ಮರಿಗಳು ಮೊದಲು ಬರೀ ಬಾಯಿಯಾಗಿದ್ದವು. ಗಂಡೂ ಹೆಣ್ಣೂ ಹುಳ ತಂದು ತಂದು ಆ ಬಾಯಿಗಳಿಗೆ ಹಾಕುತ್ತಿದ್ದವು. ಹಾಡುವುದನ್ನು ಬಿಟ್ಟು ಗಂಡೂ ಕೆಲಸಕ್ಕೆ ಇಳಿದಿದ್ದು ನೋಡಿ ಅಕ್ಕ, "ಪರವಾಗಿಲ್ಲ, ಒಳ್ಳೆ ಮನೆಗೇ ಕೊಟ್ಟಿದಾರೆ ಇದನ್ನ," ಎಂದಿದ್ದಳು. ಅವಳು ದಿನಾ ದರಕು ತಂದು ಹಾಕಿ ಒಂದು ಗಳಿಗೆ ನನ್ನ ಪಕ್ಕ ಕೂತು ನೋಡಿ ಹೋಗುತ್ತಿದ್ದಳು. ಹೀಗೆ ಐದು ದಿನ.

ಆರನೆಯ ದಿನ ಅವಳಿಗೆ ಜ್ವರ ಬಂತು. ಚಳಿ, ಮೈಕೈ ನೋವು, ವಾಂತಿ. ಎಲ್ಲಕ್ಕಿಂತ ಹೆಚ್ಚಾಗಿ ತಲೆನೋವು. ಹಣೆಗೆ ಬಟ್ಟೆ ಬಿಗಿದು ಕಟ್ಟಿ, ಗೋಡೆ ಕಡೆಗೆ ಮುಖ ಮಾಡಿ ಮಲಗಿದವಳು ಬೆಳಕು ಬೇಡ ಎನ್ನುತ್ತಿದ್ದಳು. ಅವ್ವ ಕಷಾಯ ಕಾಸಿದಳು. ಅಜ್ಜಿ ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ನನ್ನನ್ನು ಹಿತ್ತಿಲಿಗೆ ಕರೆದಳು.

"ಸಂದೀಲಿದ್ದ ಕೂದಲು ಏನಾಯ್ತೇ?"

ನಾನು ಬಾಯಿ ಬಿಡಬಾರದಿತ್ತು. "ಹಕ್ಕಿ ಒಯ್ತು," ಎಂದುಬಿಟ್ಟೆ.

ಅಜ್ಜಿ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ಹೋಗು. ಗೂಡು ಕಿತ್ತು ಹಾಕು. ಆ ಕೂದಲು ತಂದು ಬಚ್ಚಲ ಒಲೆಗೆ ಹಾಕು. ನಿನ್ನ ಕೈಯೇ ಹೋಗೋದು ಅದರೊಳಗೆ."

"ಮರಿ ಇದಾವೆ ಅಜ್ಜಿ."

"ಒಳಗೆ ಮಲಗಿರೋಳು ಯಾರು?"

ಕೊಟ್ಟಿಗೆಗೆ ಹೋಗಿ ಕೈ ಹಾಕಿದೆ. ನಾಲ್ಕು ಮರಿಗಳು ಬಿಸಿಯಾಗಿ, ಪುಕ್ಕದ ಮೊಳಕೆ ಒರಟಾಗಿ ಬೆರಳಿಗೆ ತಾಗಿದವು. ಅಮ್ಮ ಬಂತೆಂದು ತಿಳಿದು ಬೆರಳಿಗೇ ಬಾಯಿ ತೆರೆದವು. ನಾನು ಕೈ ಹಿಂದೆ ತೆಗೆದೆ. ಕರುಣೆಯಿಂದ ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಆ ಮನೆಯಲ್ಲಿ ನನ್ನದು ಅನ್ನುವಂಥದ್ದು ಆ ಗೂಡು ಒಂದೇ ಇತ್ತು. ಅಜ್ಜಿಯ ಮಾತಿನಲ್ಲಿ ನನಗೆ ನಂಬಿಕೆಯೂ ಇರಲಿಲ್ಲ. ಮೂಲೆಯಲ್ಲಿದ್ದ ಕುಡುಗೋಲು ತೆಗೆದು ನನ್ನ ಜಡೆಯ ತುದಿಯನ್ನು ಒಂದು ಗೇಣು ಕೊಯ್ದು, ಅದರ ಜೊತೆ ಒಂದಿಷ್ಟು ಒಣಹುಲ್ಲು ಸೇರಿಸಿ, ಅಜ್ಜಿ ನೋಡುತ್ತಿದ್ದ ಹಾಗೆಯೇ ಬಚ್ಚಲ ಒಲೆಗೆ ಹಾಕಿದೆ. ಸುಟ್ಟ ಕೂದಲಿನ ವಾಸನೆ ಮನೆಯೆಲ್ಲ ತುಂಬಿತು. ಅಜ್ಜಿ ಕೈ ಮುಗಿದಳು.

ರಾತ್ರಿ ಊಟಕ್ಕೆ ಮುಂಚೆ ಅಕ್ಕನಿಗೆ ನೀರು ಕುಡಿಸಲು ಹೋದಾಗ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಕಿತ್ತು ಹಾಕ್ದ್ಯಾ?"

"ಇಲ್ಲ," ಎಂದೆ ಕಿವಿಯ ಹತ್ತಿರ.

"ಒಳ್ಳೇದಾಯ್ತು," ಎಂದಳು.

ಐದು ದಿನ ಕಳೆದ ಮೇಲೆ ಜ್ವರ ಇಳಿಯಿತು. ಗಾಡಿ ಕಟ್ಟಿ ಸೊರಬದ ಆಸ್ಪತ್ರೆಗೆ ಕರೆದೊಯ್ಯಬೇಕೆಂದಿದ್ದ ಅಪ್ಪ ಎತ್ತುಗಳನ್ನು ಮತ್ತೆ ಕಟ್ಟಿಹಾಕಿದ. ಅಕ್ಕ ಎದ್ದು ಕೂತು ಗಂಜಿ ಕುಡಿದಳು. ಮರಿಗಳ ಸುದ್ದಿ ಕೇಳಿದಳು. ಒಂದು ಮರಿ ತೂತಿನ ಬಾಯಿಗೇ ಬಂದು ಕೂರುತ್ತದೆ ಎಂದು ನಾನು ಹೇಳಿದೆ. ಗೂಡು ಸುಟ್ಟಿದ್ದಕ್ಕೇ ವಾಸಿಯಾಯಿತು ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೆ ಒಳಗೊಳಗೇ ನಗು. ಇಷ್ಟು ಸುಲಭಕ್ಕೆ ಅಜ್ಜಿಯನ್ನು ಗೆದ್ದೆನಲ್ಲ ಎಂಬ ಹೆಮ್ಮೆ. ಆ ಒಂದು ದಿನದಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಮೂಗಿನಿಂದ ರಕ್ತ ಬಂತು. ಆಮೇಲೆ ಒಸಡಿನಿಂದ. ಅವ್ವ ಬಟ್ಟೆ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಅಪ್ಪ ಮತ್ತೆ ಗಾಡಿ ಕಟ್ಟಲು ಓಡಿದ. ನಾನು ಓಡಿದ್ದು ಕೊಟ್ಟಿಗೆಗೆ. ಈಗ ನನಗೆ ಅಜ್ಜಿಯ ಮಾತಿನಲ್ಲಿ ಪೂರ್ತಿ ನಂಬಿಕೆ ಬಂದಿತ್ತು. ಮರಿಗಳ ಸಮೇತ ಕಿತ್ತು ಒಲೆಗೆ ಹಾಕುತ್ತೇನೆ ಎಂದುಕೊಂಡು ಕೈ ಹಾಕಿದೆ. ತೂತು ಖಾಲಿ. ಬೆಳಿಗ್ಗೆಯೇ ಹಾರಿಹೋಗಿದ್ದವು. ಒಂದು ತಿಂಗಳು ಕಾದಿದ್ದ ನಾನು ಅವು ಹಾರುವುದನ್ನು ನೋಡಲಿಲ್ಲ. ಬೆರಳಿಗೆ ಕೂದಲು ಸಿಕ್ಕಿತು, ಗೂಡಿನ ಸುತ್ತ ಬಿಗಿಯಾಗಿ ಸುತ್ತಿಕೊಂಡಿತ್ತು. ಎಳೆಯುವಷ್ಟರಲ್ಲಿ ಒಳಗಿನಿಂದ ಅಜ್ಜಿಯ ಕೂಗು ಕೇಳಿತು. ಕೈ ತೆಗೆದುಬಿಟ್ಟೆ. ಗಾಡಿಗೆ ಎತ್ತುಗಳನ್ನು ಕಟ್ಟಿ ಆಗಿತ್ತು, ಹೊರಡಲಿಲ್ಲ.

ಆಮೇಲಿನ ದಿನಗಳು ನನಗೆ ಬಿಡಿಬಿಡಿಯಾಗಿ ನೆನಪಿವೆ. ಯಾರೋ ನನ್ನ ಕೈಗೆ ಅನ್ನದ ತಟ್ಟೆ ಕೊಟ್ಟರು, ಉಂಡೆ. ಯಾರೋ ಅಳು ಎಂದರು, ಅಳು ಬರಲಿಲ್ಲ. ಅಕ್ಕನ ಪಾಲಿನ ಮುಸುರೆಯನ್ನು ತಿಕ್ಕುತ್ತಲೇ ಇದ್ದೆ. ಮರಿಗಳಲ್ಲಿ ಒಂದನ್ನು ಹಿತ್ತಿಲಲ್ಲಿ ಬೆಕ್ಕು ಹಿಡಿದಾಗ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಕಲ್ಲು ಎಸೆಯಬಹುದಿತ್ತು. ಎಸೆಯಲಿಲ್ಲ. ಪಾತ್ರೆ ತೊಳೆದು ಒಳಗೆ ಹೋದೆ.

ಊರಲ್ಲಿ ಇನ್ನೂ ಎರಡು ಮನೆಗಳಲ್ಲಿ ಸಾವಾದ ಮೇಲೆ, ಜ್ವರದ ಮೂಲ ಹುಡುಕುವವರ ಒಂದು ಜೀಪು ಬಂತು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡ ಗಂಡಸರು. ಕಾಡಿನ ದರಕಿನ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಓಡಾಡಿ, ಅದಕ್ಕೆ ಅಂಟಿದ್ದನ್ನು ಹೆಕ್ಕಿ ಸೀಸೆಗೆ ಹಾಕಿಕೊಂಡರು. ಒಗೆದ ಬಟ್ಟೆಯನ್ನು ಹೀಗೆ ಕೊಳೆ ಮಾಡುವವರನ್ನು ಊರಿನವರು ಮೊದಲ ಸಲ ನೋಡುತ್ತಿದ್ದರು. ನಮ್ಮ ಜಗಲಿಯಲ್ಲಿ ಕೂತು ಒಬ್ಬ ಅಪ್ಪನನ್ನು ಕೇಳಿದ, ಜ್ವರ ಬರುವ ಮುಂಚೆ ಹುಡುಗಿ ಎಲ್ಲೆಲ್ಲಿ ಹೋಗಿದ್ದಳು ಎಂದು.

"ದರಕಿಗೆ ಹೋಗಿದ್ಲು ರೀ. ಆ ವಾರ ದಿನಾ ಹೋದ್ಲು," ಎಂದ ಅಪ್ಪ.

ಆತ ಬೆರಳು ಮಡಿಸಿ ದಿನ ಎಣಿಸಿ ಬರೆದುಕೊಂಡ. ಮನೆಯಲ್ಲಿ ಇಲಿ ಇವೆಯೇ, ಸುತ್ತ ಹಕ್ಕಿಗಳು ಗೂಡು ಕಟ್ಟುತ್ತವೆಯೇ ಎಂದೂ ಕೇಳಿದ. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಓದಿದವರೂ ಗೂಡನ್ನೇ ಕೇಳುತ್ತಿದ್ದಾರೆ ಎಂದ ಮೇಲೆ ಅನುಮಾನವೇ ಉಳಿಯಲಿಲ್ಲ. ಮುಂದಿನ ಮಾತು ಕೇಳದೆ ಹಿತ್ತಿಲಿಗೆ ಹೋಗಿಬಿಟ್ಟೆ. ಅವ್ವ ಬಾಗಿಲಲ್ಲೇ ನಿಂತು ಕೊನೆಯವರೆಗೆ ಕೇಳಿದಳು.

ದೀಪಾವಳಿಗೆ ಗೋಡೆಗೆ ಮಣ್ಣು ಮೆತ್ತುವಾಗ ಅವ್ವ ಆ ವರ್ಷ ಕೊಟ್ಟಿಗೆಯಿಂದಲೇ ಶುರು ಮಾಡಿದಳು. ನಾನು ಮಣ್ಣು ಕಲಸಿ ಕೊಡುತ್ತಿದ್ದೆ. ತೂತಿಗೆ ಕೋಲು ಹಾಕಿ ಗೂಡನ್ನು ಹೊರಗೆಳೆದಳು. ಹುಲ್ಲು ಪುಡಿಯಾಗಿ ಉದುರಿತು. ಕೂದಲು ಮಾತ್ರ ಬಟ್ಟಲಿನ ಆಕಾರದಲ್ಲಿ ಹಾಗೆಯೇ ಅವಳ ಅಂಗೈಯಲ್ಲಿ ಕೂತಿತ್ತು. ಅದು ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಈಗ ಹೊಡೆಯುತ್ತಾಳೆ ಎಂದು ನಾನು ಕಾದೆ. ನಿಜ ಹೇಳಬೇಕೆಂದರೆ, ಹೊಡೆಯಲಿ ಎಂದು ಕಾದೆ. ಅವ್ವ ಅದರಲ್ಲಿದ್ದ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಕೂದಲನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ತೂತಿಗೆ ಮಣ್ಣು ತುಂಬಿ ಅಂಗೈಯಿಂದ ಸವರಿದಳು. ಅಜ್ಜಿಗೆ ಹೇಳಲಿಲ್ಲ. ನನ್ನನ್ನೂ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ, ಅಕ್ಕನಿಗೆ ಮಾತಾಗಿದ್ದ ಮನೆಗೇ ನನ್ನನ್ನು ಕೊಟ್ಟರು. ಬೇಡ ಎನ್ನಲು ನನಗೆ ಕಾರಣ ತೋಚಲಿಲ್ಲ, ಹೂಂ ಎನ್ನಲೂ ತೋಚಲಿಲ್ಲ. ಶಿಕಾರಿಪುರದ ಆ ಬಯಲಿನಲ್ಲಿ ಕುರಿ, ಜೋಳ, ದೂರದವರೆಗೆ ಕಾಣುವ ಆಕಾಶ. ಅಲ್ಲೂ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ನಾನು ತಲೆ ಬಾಚಿದ ಕೂದಲನ್ನು ಆಗಿಂದಾಗ ಒಲೆಗೆ ಹಾಕುತ್ತಿದ್ದೆ. ಇದೇನು ಅಭ್ಯಾಸ, ಮನೆಯೆಲ್ಲ ವಾಸನೆ ಎಂದು ಅತ್ತೆ ಬೈದರೂ ಬಿಡಲಿಲ್ಲ.

ಮಗುವಿಗೆ ಕೆಮ್ಮು ಎಂದು ಶಿಕಾರಿಪುರದ ಆಸ್ಪತ್ರೆಗೆ ಹೋದಾಗ ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿದ್ದರು. ಮಂಗ, ಅದರ ಪಕ್ಕ ದೊಡ್ಡದಾಗಿ ಬರೆದ ಉಣುಗು, ಪಕ್ಕದಲ್ಲಿ ತಲೆಯ ಮೇಲೆ ದರಕಿನ ಬುಟ್ಟಿ ಹೊತ್ತ ಹೆಂಗಸು. ಓದು ಬಾರದವರಿಗೆ ನರ್ಸಮ್ಮ ಬಿಡಿಸಿ ಹೇಳುತ್ತಿದ್ದಳು. ಮಂಗ ಸತ್ತ ಕಡೆ ಹೋಗಬೇಡಿ, ದರಕು ತರಬೇಡಿ, ಅದರಲ್ಲಿರುವ ಉಣುಗು ಕಚ್ಚಿಯೇ ಈ ಕಾಯಿಲೆ ಬರುವುದು ಎಂದು. ನಾನು ಕೇಳಿದೆ, ಹಕ್ಕಿ ಗೂಡಿನಿಂದ ಬರುತ್ತದೆಯೇ ಎಂದು. ಅವಳು ನನ್ನನ್ನು ಒಂದು ಥರ ನೋಡಿ, ಇಲ್ಲಮ್ಮ ಎಂದಳು.

ಅಂದೇ ತವರಿಗೆ ಬಸ್ಸು ಹತ್ತಿದೆ. ಅವ್ವ ಹಿತ್ತಿಲಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗುವನ್ನು ಅವಳ ಪಕ್ಕ ಕೂರಿಸಿ, ಅಷ್ಟು ವರ್ಷ ಹೇಳದಿದ್ದುದನ್ನೆಲ್ಲ ಹೇಳಿದೆ. ಅವತ್ತು ಗೂಡು ಕೀಳಲಿಲ್ಲ, ಅಜ್ಜಿಗೆ ಸುಳ್ಳು ಹೇಳಿದೆ, ನನ್ನ ಜಡೆ ಸುಟ್ಟೆ ಎಂದೆ.

"ಜಡೆ ಗೇಣುದ್ದ ಕಮ್ಮಿ ಆಗಿದ್ದು ನಂಗೆ ಕಾಣ್ಲಿಲ್ಲ ಅಂದ್ಕೊಂಡ್ಯಾ?" ಎಂದಳು ಅವ್ವ, ಅಕ್ಕಿಯಿಂದ ಕಣ್ಣು ಎತ್ತದೆ.

"ಅದು ಗೂಡಿಂದ ಅಲ್ಲವಂತೆ ಅವ್ವ. ದರಕಿಂದ ಬಂದಿದ್ದಂತೆ."

"ಹೂಂ. ಜೀಪಿನೋರು ಅವತ್ತೇ ಹೇಳಿದ್ರು, ದರಕಿನ ಮೇಲೇ ಅನುಮಾನ ಅಂತ."

ನನಗೆ ಸಿಟ್ಟು ಬಂತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಏನೋ ಒಂದು ಬಂತು. "ಮತ್ಯಾಕೆ ಹೇಳ್ಲಿಲ್ಲ? ನಾನೇ ಕೊಂದೆ ಅಂದ್ಕೊಂಡು ಬದುಕಿದೀನಿ. ಆ ಗೂಡು ಬಿಟ್ಟಿದ್ದಕ್ಕೆ ಸತ್ಲು ಅಂತ."

ಅವ್ವ ಮೊರ ಕೆಳಗಿಟ್ಟಳು. ಸ್ವಲ್ಪ ಹೊತ್ತು ಮಗುವಿನ ಕೈಯಿಂದ ಅಕ್ಕಿ ಬಿಡಿಸುತ್ತಾ ಇದ್ದಳು.

"ದರಕು ಅಂತ ಹೇಳಿದ್ರೆ," ಎಂದಳು, "ಅವತ್ತು ಸರದಿ ಯಾರ್ದಿತ್ತು ಅಂತ ನೀನು ಕೇಳ್ಕೋತಿದ್ದೆ."

ಎದುರಿಗೆ ಕೊಟ್ಟಿಗೆಯ ಗೋಡೆ ಇತ್ತು. ತೂತಿದ್ದ ಕಡೆ ಮಣ್ಣಿನ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತಿತ್ತು. ಅವ್ವ ಮೊರವನ್ನು ನನ್ನ ಕಡೆ ತಳ್ಳಿದಳು. ಇಬ್ಬರೂ ಕೂತು ಉಳಿದ ಅಕ್ಕಿ ಆರಿಸಿದೆವು.